ಕುರ್ಚಿ ಬಿಟ್ಟೇಳದ ಟೀಚರು

ಅವರು ಹೋದ ಸುದ್ದಿಯನ್ನು ನನಗೆ ತಿಳಿಸಿದವನು ದೇವನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ ಒಬ್ಬ ಹಳೆಯ ಶಿಷ್ಯ. ಅವನಿಗೇ ಮೊಮ್ಮಕ್ಕಳಾಗಿವೆ. "ರಾತ್ರಿ ಮಜ್ಜಿಗೆ ಅನ್ನ ಉಂಡು ಮಲಗಿದ್ರಂತೆ ಟೀಚರ್, ಬೆಳಿಗ್ಗೆ ಏಳಲೇ ಇಲ್ವಂತೆ" ಎಂದ. ನನ್ನ ಕಣ್ಣಲ್ಲಿ ನೀರು ಬರುವುದಕ್ಕೆ ಮುಂಚೆ ಮನಸ್ಸಿಗೆ ಬಂದ ಮಾತು ಬೇರೆ: ಇದೂ ಅವರಿಗೇ ಸಿಕ್ಕಿತಲ್ಲ. ಹಾಸಿಗೆ ಹಿಡಿಯದೆ, ಯಾರ ಕೈಲೂ ಸೇವೆ ಮಾಡಿಸಿಕೊಳ್ಳದೆ, ನಿದ್ದೆಯಲ್ಲೇ ಹೋಗಿಬಿಡುವ ಸಾವು. ನಾನು ದಿನಾ ದೀಪ ಹಚ್ಚಿ ಕೇಳಿಕೊಳ್ಳುವುದು ಅದನ್ನೇ. ಅವರು ಯಾವತ್ತೂ ದೇವರ ಮುಂದೆ ನಿಂತು ಏನನ್ನಾದರೂ ಕೇಳಿದ್ದನ್ನು ನಾನು ಕಂಡಿಲ್ಲ. ಕೇಳದವರಿಗೆ ಕೊಟ್ಟ.

ಅವರ ವಿಷಯದಲ್ಲಿ ನನಗೆ ಮೊದಲಿಂದಲೂ ಹೀಗೇ. ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಒಳ್ಳೆಯ ಹೆಸರು ಕೊಡುವ ವಯಸ್ಸು ನನ್ನದಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ಟಿ.ಸಿ.ಎಚ್. ಮುಗಿಸಿದ ನನಗೆ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ಒಂದು ಹಳ್ಳಿಯ ಮಿಡ್ಲ್ ಸ್ಕೂಲಿಗೆ ಆರ್ಡರ್ ಬಂತು. ನೆಲಮಂಗಲದಲ್ಲಿ ಹುಟ್ಟಿ, ಅಪ್ಪನ ಅಂಗಡಿ ಮುಂದೆಯೇ ಬೆಳೆದವಳು ನಾನು. ಬಸ್ಸಿಳಿದು, ಹಿಪ್ಪುನೇರಳೆ ತೋಟಗಳ ನಡುವೆ ಟ್ರಂಕು ಹೊತ್ತ ಆಳಿನ ಹಿಂದೆ ನಡೆದು ಶಾಲೆ ತಲುಪಿದಾಗ ಹೆಡ್‌ಮಾಸ್ಟರು ನನ್ನ ಆರ್ಡರ್ ಕೂಡ ಸರಿಯಾಗಿ ನೋಡಲಿಲ್ಲ. "ಆ ಕೊನೇ ಕೋಣೆಗೆ ಹೋಗಮ್ಮ. ಅಲ್ಲಿ ಟೀಚರಿದಾರೆ. ಅವರನ್ನ ನೋಡಿ ಕಲ್ತುಕೊಂಡ್ರೆ ನೀನು ಉದ್ಧಾರ" ಎಂದರು.

ಹೋಗಿ ನೋಡಿದೆ. ಕೈಯಿಲ್ಲದ ಮರದ ಕುರ್ಚಿಯಲ್ಲಿ ಒಬ್ಬರು ಕೂತಿದ್ದರು. ನಲವತ್ತರ ಒಳಗೇ ಇರಬೇಕು. ಕಪ್ಪು ಮೈ, ಅಗಲ ಹಣೆ, ಹಣೆಯಲ್ಲಿ ಕುಂಕುಮವಿಲ್ಲ. ದೊಡ್ಡಬಳ್ಳಾಪುರದ ಸಣ್ಣ ಚೌಕಳಿಯ ಸೀರೆ. ಒಂದು ಮಗು ಎದ್ದು ನಿಂತು ಹದಿಮೂರರ ಮಗ್ಗಿ ಹೇಳುತ್ತಿತ್ತು. ಉಳಿದ ಮಕ್ಕಳೆಲ್ಲ ಟೀಚರ ಎಡಗೆನ್ನೆಯನ್ನೇ ನೋಡುತ್ತಿದ್ದರು. ಉತ್ತರ ಸರಿಯಾದರೆ ಆ ಕೆನ್ನೆ ಒಳಗಿನಿಂದ ಒಂದಿಷ್ಟು ಉಬ್ಬಿ ಇಳಿಯುತ್ತಿತ್ತು. ತಪ್ಪಾದರೆ ಕದಲುತ್ತಿರಲಿಲ್ಲ. ಹಲ್ಲುನೋವೇನೋ ಪಾಪ ಎಂದುಕೊಂಡೆ.

ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಅಣ್ಣನ ಕೈಕಾಲು ಹಿಡಿದು ಹಾಸ್ಟೆಲ್ಲಿನಲ್ಲಿ ಓದಿ ಟೀಚರಾದವರು ಅವರು. ಹೊಲಗೆಲಸದ ಮನೆ. ಅವರಾಗಿ ಇದನ್ನು ಹೇಳಿಕೊಂಡವರಲ್ಲ. ಊರವರು ನನಗೆ ಹೇಳಿದ್ದು, ಅದೂ ಹೆಮ್ಮೆಯಿಂದ, ತಮ್ಮ ಮನೆಮಗಳ ಕತೆ ಹೇಳುವ ಹಾಗೆ. ಊರ ಗೌಡರ ಮನೆಯ ಹಿಂಭಾಗದ ಎರಡು ಕೋಣೆಗಳಲ್ಲಿ ಅವರು ಬಾಡಿಗೆಗಿದ್ದರು. ನನಗೂ ಅಲ್ಲೇ ಜಾಗವಾಯಿತು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಊರವರಿಗೆ ಅವರು ದೊಡ್ಡ ಟೀಚರು, ನಾನು ಚಿಕ್ಕ ಟೀಚರು.

ಅವರೆಕಾಯಿ ಕಾಲ ಬಂದರೆ ಸೊಗಡಿನ ಕಾಯಿ ಗೂಡೆಗಟ್ಟಲೆ ಅವರ ಬಾಗಿಲಿಗೆ ಬರುತ್ತಿತ್ತು. ಚಕ್ಕೋತ ಬಂದರೆ ಅವರಿಗೆ. ಹೊಸ ಬೆಲ್ಲ ಬಂದರೆ ಅವರಿಗೆ. ತಂದವರು ನನ್ನ ಮುಖ ನೋಡಿ, "ನೀವೂ ಒಟ್ಗೇ ಇದೀರಲ್ಲ ಟೀಚರಮ್ಮ, ಅದ್ರಲ್ಲೇ ತಗೊಳಿ" ಎನ್ನುತ್ತಿದ್ದರು. ಸಾಯಂಕಾಲ ಶಾಲೆ ಬಿಟ್ಟರೆ ಮಕ್ಕಳ ಹಿಂಡು ಅವರ ಜೊತೆ ಮನೆ ತನಕ ಬರುತ್ತಿತ್ತು. ನಾನು ನನ್ನ ಕೊಡೆ ಹಿಡಿದು ಹಿಂದೆ ಒಬ್ಬಳೇ.

ಇದೆಲ್ಲ ತಡೆದುಕೊಳ್ಳಬಹುದಿತ್ತು. ಅವರಲ್ಲಿ ನನಗೆ ತಡೆಯಲಾಗದೆ ಇದ್ದದ್ದು ಒಂದೇ. ಬೆಳಿಗ್ಗೆ ಗಂಟೆ ಹೊಡೆದಾಗ ಆ ಕುರ್ಚಿಯಲ್ಲಿ ಕೂತರೆ ಸಾಯಂಕಾಲದ ಗಂಟೆಗೇ ಅವರು ಏಳುತ್ತಿದ್ದದ್ದು. ಬೋರ್ಡಿನ ಹತ್ತಿರ ಹೋಗಲು ಎದ್ದರೆ ಎದ್ದರು, ಅಷ್ಟೇ. ಕೋಣೆ ಬಿಟ್ಟು ಹೊರಗೆ ಹೋಗುತ್ತಿರಲಿಲ್ಲ.

ನನಗೆ ಅದು ಯಾಕೆ ಅಷ್ಟು ದೊಡ್ಡ ವಿಷಯವಾಯಿತೆಂದು ತಿಳಿಯಬೇಕಾದರೆ ಆ ಶಾಲೆ ಇದ್ದ ಜಾಗವನ್ನು ಹೇಳಬೇಕು. ಉದ್ದಕ್ಕೆ ನಾಡಹೆಂಚಿನ ಒಂದು ಕಟ್ಟಡ. ಮುಂದೆ ಬಯಲು. ಬಯಲಿನ ಆಚೆ ಅರಳಿಕಟ್ಟೆ. ಅಲ್ಲಿ ಬೆಳಗಿನಿಂದ ಕೆಲಸವಿಲ್ಲದ, ಕೆಲಸ ಮುಗಿಸಿದ, ಕೆಲಸ ಮುಂದೂಡಿದ ಗಂಡಸರು. ಅರಳಿಕಟ್ಟೆಯನ್ನು ದಾಟಿದರೆ ಒಂದು ಲಂಟಾನ ಪೊದೆ. ಶಾಲೆಯಲ್ಲಿ ಕಕ್ಕಸು ಎನ್ನುವುದು ಇರಲಿಲ್ಲ. ಗಂಡುಮಕ್ಕಳು, ಮೇಷ್ಟ್ರುಗಳು ಕಟ್ಟಡದ ಹಿಂದಿನ ಗೋಡೆಗೆ ಹೋಗುತ್ತಿದ್ದರು. ಹೆಂಗಸಾದವಳಿಗೆ ಒಂದಕ್ಕೆ ಹೋಗಬೇಕೆಂದರೆ ಅಷ್ಟು ಜನ ಗಂಡಸರ ಮುಂದೆ ನಡೆದು ಆ ಪೊದೆಗೆ ಹೋಗಬೇಕು.

ನನ್ನದು ನಿಲ್ಲದ ಮೈ. ಹತ್ತು ಗಂಟೆಗೆ ಒಂದು ಸಲ, ಊಟದ ಹೊತ್ತಿಗೆ ಒಂದು ಸಲ, ಚಳಿಗಾಲವಾದರೆ ಮಧ್ಯೆ ಇನ್ನೊಂದು. ತಲೆ ತಗ್ಗಿಸಿ ಕಟ್ಟೆಯ ಮುಂದೆ ಹೋಗುವಾಗ ಒಬ್ಬ ಮುದುಕ ಹೇಳುತ್ತಿದ್ದದ್ದು ಕಿವಿಗೆ ಬೀಳುತ್ತಿತ್ತು: "ಟೀಚರಮ್ಮ ಗಸ್ತಿಗೆ ಹೊರಟ್ರು ಕಣ್ರಪ್ಪಾ." ನಗು. ವಾಪಸ್ಸು ಬಂದರೆ ನನ್ನ ಕ್ಲಾಸಿನ ಗಂಡುಹುಡುಗರ ನಗು. ಒಂದು ದಿನ ಹೆಡ್‌ಮಾಸ್ಟರು ಎಲ್ಲರ ಎದುರಿಗೆ ಹೇಳಿಯೂಬಿಟ್ಟರು: "ದೊಡ್ಡ ಟೀಚರನ್ನ ನೋಡಮ್ಮ. ಕೂತ್ರೆ ಕೂತಂಗೆ. ಕೆಲಸದಲ್ಲಿ ಶ್ರದ್ಧೆ ಅಂದ್ರೆ ಅದು." ಇನ್‌ಸ್ಪೆಕ್ಟರು ಬಂದಾಗಲೂ ಅದೇ ಹೊಗಳಿಕೆ.

ಶ್ರದ್ಧೆಯಂತೆ. ನನ್ನ ಶ್ರದ್ಧೆಗೇನಾಗಿತ್ತು? ನಾನು ರಾತ್ರಿಯೆಲ್ಲ ಪಾಠ ತಯಾರಿ ಮಾಡಿ, ಬಣ್ಣದ ಕಾಗದ ಕತ್ತರಿಸಿ ನಕ್ಷೆ ಅಂಟಿಸಿ ತರುತ್ತಿದ್ದೆ. ಅದನ್ನು ಯಾರೂ ನೋಡಲಿಲ್ಲ. ನನ್ನ ನಡಿಗೆಯನ್ನು ಇಡೀ ಊರು ನೋಡಿತು.

ನಾನು ಬೆಳಿಗ್ಗೆ ಕಾಫಿ ಬಿಟ್ಟೆ, ನೀರು ಬಿಟ್ಟೆ. ಸಾಯಂಕಾಲದ ಹೊತ್ತಿಗೆ ತಲೆ ಸಿಡಿಯುತ್ತಿತ್ತು, ಕೆಳಗೆ ಉರಿ. ಒಂದಿನ ಮನೆಗೆ ಬಂದವಳೇ ಗೋಡೆಗೊರಗಿ ಅತ್ತುಬಿಟ್ಟೆ. ಅವರು ಒಲೆ ಮುಂದಿನಿಂದ ಎದ್ದು ಬಂದು, "ಏನೇ ಅದು" ಎಂದರು. ಹೇಳಿದೆ. ಕೊನೆಗೆ, "ನಿಮಗೆ ಬರೋದೇ ಇಲ್ವ ಅಕ್ಕ?" ಎಂದು ಕೇಳಿದೆ.

ಅವರು ನಕ್ಕು ಎಡಗೆನ್ನೆಯೊಳಗೆ ಬೆರಳು ಹಾಕಿ ಒಂದು ಕಪ್ಪು ಉಂಡೆ ತೆಗೆದು ತೋರಿಸಿದರು. ಹೊಗೆಸೊಪ್ಪು.

"ನಮ್ಮಜ್ಜಿ ಕಲಿಸಿದ್ದು ಕಣೇ ಇದು. ರಾಗಿ ಹೊಲದಲ್ಲಿ ಕಳೆ ತೆಗೀವಾಗ ಹೆಂಗಸ್ರೆಲ್ಲ ಒಂದೊಂದ್ ಚೂರು ದವಡೆಗಿಟ್ಕೋತಿದ್ರು. ಬಯಲು ಹೊಲ, ಸುತ್ತ ಗಂಡಾಳುಗಳು, ಎಲ್ಲಿಗಂತ ಹೋಗ್ತಾರೆ? ಇದನ್ನ ಹಾಕ್ಕೊಂಡ್ರೆ ಹಸಿವಾಗಲ್ಲ, ಆಯಾಸ ಆಗಲ್ಲ, ಒಂದಕ್ಕೆ ಹೋಗ್ಬೇಕು ಅನ್ನೋದೇ ಮರೆತೋಗುತ್ತೆ."

"ಬಾಯಿ ಕೆಂಪಾಗಲ್ವ?"

"ಎಲೆ ಅಡಿಕೆ ಮನೇಲಿ ಮಾತ್ರ. ಸ್ಕೂಲಲ್ಲಿ ಬರೀ ಸೊಪ್ಪು, ಉಗುರಿನಷ್ಟು ಸುಣ್ಣ. ಉಗುಳೋದೂ ಇಲ್ಲ. ಯಾರಿಗೆ ಗೊತ್ತಾಗುತ್ತೆ?"

ಹಲ್ಲುನೋವಿನ ಕೆನ್ನೆಯ ಗುಟ್ಟು ಗೊತ್ತಾದಾಗ ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಅವರಿಗೆ ಅಂಥದೊಂದು ಉಪಾಯ ಇಷ್ಟು ದಿನ ಇತ್ತು, ನನಗಿರಲಿಲ್ಲ ಎನ್ನುವುದೇ ಚುಚ್ಚಿತು. "ನನಗೂ ಕೊಡಿ" ಎಂದೆ.

"ನಿನಗ್ಯಾಕೆ? ತಲೆ ತಿರುಗುತ್ತೆ."

"ನಿಮಗೆ ತಿರುಗಲ್ವಲ್ಲ."

ಮಾರನೆಯ ದಿನ ಬೆಳಿಗ್ಗೆ ಅವರು ಸಂಚಿ ಬಿಚ್ಚಿ ಸೊಪ್ಪಿನ ಒಂದು ಚೂರು ಹರಿದು, ಅಂಗೈಯಲ್ಲಿ ಸುಣ್ಣ ತಿಕ್ಕಿ ಕೊಟ್ಟರು. ದವಡೆಗಿಟ್ಟುಕೊಂಡು ಹೊರಟೆ. ಪ್ರಾರ್ಥನೆಯ ಹೊತ್ತಿಗೆ ನಾಲಿಗೆ ಉರಿಯಿತು. ಹಾಜರಿ ಕೂಗುವ ಹೊತ್ತಿಗೆ ಮಕ್ಕಳ ತಲೆಗಳು ನೀರೊಳಗಿನ ಹಾಗೆ ಅಲ್ಲಾಡಿದವು. ಬಿಕ್ಕಳಿಕೆ ಶುರುವಾಯಿತು, ಮೈ ಬೆವರಿತು, ಎದೆ ಡವಡವ ಹೊಡೆದುಕೊಂಡಿತು. ಓಡಿಹೋಗಿ ಹೊಂಗೆ ಮರದ ಬುಡದಲ್ಲಿ ವಾಂತಿ ಮಾಡಿಕೊಂಡೆ. ಅರಳಿಕಟ್ಟೆಯವರು ಎದ್ದು ನಿಂತು ನೋಡಿದರು. ಊರಲ್ಲಿ ಒಂದು ವಾರ ಮದುವೆಯಿಲ್ಲದ ಚಿಕ್ಕ ಟೀಚರ ವಾಂತಿಯ ಮೇಲೆ ಏನೇನೋ ಮಾತು. ದೊಡ್ಡ ಟೀಚರು ಒಬ್ಬೊಬ್ಬರ ಮನೆಗೆ ಹೋಗಿ, "ನಾನೇ ಕೊಟ್ಟ ಕಷಾಯ ಆಗಿಬರ್ಲಿಲ್ಲ" ಎಂದು ಹೇಳಿ ಬಾಯಿ ಮುಚ್ಚಿಸಿದರು. ಅವರು ಹೇಳಿದ್ದಕ್ಕೆ ಎಲ್ಲರೂ ನಂಬಿದರು. ನಾನು ಹೇಳಿದ್ದರೆ ನಂಬುತ್ತಿದ್ದರೋ ಇಲ್ಲವೋ.

ಆ ವರ್ಷ ನನ್ನ ಅಮ್ಮ ನನ್ನನ್ನು ನೋಡಲು ಬಂದು ಕೆಲವು ದಿನ ಇದ್ದರು. ಬಂದ ಸಂಜೆಯೇ ಅಮ್ಮನೂ ಅವರೂ ಎಲೆ ಅಡಿಕೆ ಹಾಕಿಕೊಂಡು ಜಗಲಿಯ ಮೇಲೆ ಕೂತರು. ಅಮ್ಮ ತನ್ನ ಮದುವೆಯ ಕತೆ, ತೀರಿಕೊಂಡ ಮೊದಲ ಮಗುವಿನ ಕತೆ ಎಲ್ಲ ಹೇಳಿದರು. ಆ ಮಗುವಿನ ವಿಷಯ ನಾನು ಕೇಳಿದ್ದು ಅವತ್ತೇ ಮೊದಲು, ಒಳಗೆ ಅಕ್ಕಿ ಆರಿಸುತ್ತಾ. ಹೊರಡುವ ದಿನ ಬಸ್ಸಿನ ಹತ್ತಿರ ಅಮ್ಮ ನನಗೆ ಹೇಳಿದ್ದು, "ಅವರ ಥರ ಇರ್ಬೇಕು ಕಣೇ ಹೆಣ್ಣು ಅಂದ್ರೆ." ನಾನು ಅಮ್ಮನ ಚೀಲವನ್ನು ಕಿಟಕಿಯಿಂದ ಒಳಗೆ ತಳ್ಳಿ ವಾಪಸ್ಸು ಹೊರಟೆ.

ಹೀಗೆ ಬರೆಯುತ್ತಾ ಹೋದರೆ ಅವರಲ್ಲಿ ಯಾವ ಕೊರತೆಯೂ ಇರಲಿಲ್ಲ ಎಂದು ಅನ್ನಿಸೀತು. ಇತ್ತು. ಗೊರಕೆ ಹೊಡೆಯುತ್ತಿದ್ದರು. ಹಾಡಲು ಬರುತ್ತಿರಲಿಲ್ಲ, ರಾಷ್ಟ್ರಗೀತೆಯನ್ನೂ ಓದುತ್ತಿದ್ದರು. ಸಾರಿಗೆ ಹುಳಿ ಯಾವತ್ತೂ ಜಾಸ್ತಿ. ಆದರೆ ಅವರ ಒಂದು ಮಾತು ಮಾತ್ರ ನಾನು ಮುಂದೆ ಮೂವತ್ತು ವರ್ಷ ನನ್ನದೇ ಎಂಬಂತೆ ಬೇರೆ ಟೀಚರುಗಳಿಗೆ ಹೇಳಿದ್ದೇನೆ: "ಲೆಕ್ಕ ತಪ್ಪಾದ್ರೆ ಅಳಿಸ್ಬಹುದು. ಮಗು ಹೆದರಿದ್ರೆ ಅದನ್ನ ಅಳಿಸಕ್ಕಾಗಲ್ಲ."

ವರ್ಷಗಳು ಕಳೆದವು. ನಾನು ಎದ್ದು ಹೋಗುತ್ತಲೇ ಇದ್ದೆ, ಅವರು ಕೂತೇ ಇದ್ದರು. ಎಪ್ಪತ್ತನೇ ಇಸವಿಯ ಸುಮಾರಿಗೆ ಒಂದು ಬದಲಾವಣೆ ನನ್ನ ಕಣ್ಣಿಗೆ ಬಿತ್ತು. ಸಾಯಂಕಾಲ ಮನೆಗೆ ಬಂದ ಕೂಡಲೇ ಹಿತ್ತಲ ಬಚ್ಚಲಿಗೆ ಹೋದವರು ಬಹಳ ಹೊತ್ತು ಈಚೆಗೆ ಬರುತ್ತಿರಲಿಲ್ಲ. ನಾನು ಹೊರಗೆ ಚೊಂಬು ಹಿಡಿದು ಕಾಯುತ್ತಿದ್ದೆ. ಒಳಗೆ ಮೊದಲು ಸದ್ದಿಲ್ಲ. ಆಮೇಲೆ ಹನಿ ಹನಿ. ಮತ್ತೆ ಸದ್ದಿಲ್ಲ. ಒಂದಿನ ಒಳಗಿನಿಂದಲೇ ಕರೆದರು.

"ಲೇ, ಅಲ್ಲಿಂದ ಒಂಚೂರು ನೀರು ಸುರಿಯೇ, ಸದ್ದು ಕೇಳೋ ಹಂಗೆ."

ಹಂಡೆಯಿಂದ ಮೊಗೆದು ಕಲ್ಲಿನ ಮೇಲೆ ಸುರಿದೆ. ಮಗುವಿಗೆ ಉಚ್ಚೆ ಹುಯ್ಯಿಸುವಾಗ ಬಾಯಲ್ಲಿ ಸುಯ್ ಅನ್ನುತ್ತಾರಲ್ಲ, ಹಾಗೆ. ಕೊನೆಗೂ ಬಂದರು, ಹಣೆಯ ಮೇಲೆ ಬೆವರು.

"ಏನಾಯ್ತಕ್ಕ?"

"ಕೆರೆ ತುಂಬಿದೆ, ತೂಬು ಏಳ್ತಾ ಇಲ್ಲ" ಎಂದು ನಕ್ಕರು.

"ಸೊಪ್ಪಿಂದ ಇರ್ಬೋದು. ಬಿಟ್ಟು ನೋಡಿ."

"ಬಿಟ್ರೆ ಹಗಲೆಲ್ಲ ಎದ್ದೆದ್ದು ಓಡ್ಬೇಕಾಗುತ್ತಲ್ಲ, ನಿನ್ನಂಗೆ."

ನಿನ್ನಂಗೆ ಎಂದರು. ನಾನು ಆ ಮಾತು ಮರೆಯಲಿಲ್ಲ. ಆಮೇಲೆ ಸೊಪ್ಪಿನ ವಿಷಯ ನಾನು ಎತ್ತಲೂ ಇಲ್ಲ. ಎತ್ತಿದ್ದರೆ ಕೇಳುವವರೂ ಅವರಲ್ಲ.

ಮುಂದಿನ ಓಟಿಗೆ ನಮ್ಮಿಬ್ಬರನ್ನೂ ಪಕ್ಕದ ಊರಿನ ಬೂತಿಗೆ ಹಾಕಿದರು. ಹೆಂಗಸರ ಸಾಲಿನ ಮುಂದೆ ಕೂತು ಬೆರಳಿಗೆ ಮಸಿ ಹಚ್ಚುವ ಕೆಲಸ ಅವರದು, ಹೆಸರು ನೋಡುವ ಕೆಲಸ ನನ್ನದು. ಸೂರ್ಯ ಹುಟ್ಟುವ ಮುಂಚೆ ಹೋಗಿ ಕೂತೆವು. ಬೇಸಿಗೆಯ ಬಿಸಿಲು. ಆಚೆ ಬೀದಿಯಲ್ಲಿ ಒಂದು ಒಳ್ಳೆಯ ಮನೆ ಇತ್ತು. ಆ ಮನೆಯಾಕೆಯನ್ನು ಕೇಳಿಕೊಂಡು ನಾನು ಎರಡು ಸಲ ಅವರ ಹಿತ್ತಲಿಗೆ ಹೋಗಿಬಂದೆ. "ಬನ್ನಿ ಅಕ್ಕ, ಹಿತ್ತಲಿಗೆ ಗೋಡೆ ಇದೆ, ಯಾರೂ ಕಾಣಲ್ಲ" ಎಂದು ಕರೆದೆ. "ನನಗೆ ಬೇಡ ಕಣೇ" ಎಂದು ಸೆರಗಿನ ಮರೆಯಲ್ಲಿ ಇನ್ನೊಂದು ಚೂರು ಸೊಪ್ಪು ಬಾಯಿಗಿಟ್ಟುಕೊಂಡರು. ಬೂತಿನ ಅಧಿಕಾರಿ ನನ್ನ ಕಡೆ ನೋಡಿ, "ಆ ಅಮ್ಮನ್ನ ನೋಡಿ, ಅಲುಗಾಡಿಲ್ಲ" ಎಂದ. ಎಲ್ಲಿ ಹೋದರೂ ಅದೇ.

ಸಾಯಂಕಾಲ ಪೆಟ್ಟಿಗೆಗೆ ಅರಗು ಹಾಕಿದ ಮೇಲೆ ಅವರು ಎದ್ದು ಆ ಮನೆಯ ಹಿತ್ತಲಿಗೆ ಹೋದರು. ನಾನು ಹೊರಗೆ ನಿಂತಿದ್ದೆ. ಬರಲೇ ಇಲ್ಲ. ಕರೆದೆ. ಒಳಗೆ ಹೋಗಿ ನೋಡಿದರೆ ಗೋಡೆಗೆ ಕೈಕೊಟ್ಟು ಬಗ್ಗಿ ನಿಂತಿದ್ದಾರೆ. ತುಟಿ ಬೆಳ್ಳಗಾಗಿದೆ.

"ಒಂದು ಹನೀನೂ ಬರ್ತಿಲ್ಲ ಕಣೇ. ಸಾಯ್ತೀನಿ ನಾನು."

ಹೊಟ್ಟೆ ಮುಟ್ಟಿ ನೋಡಿದೆ. ಹೊಕ್ಕುಳ ಕೆಳಗೆ ಕುಂಬಳಕಾಯಿ ಇಟ್ಟ ಹಾಗೆ ಗಟ್ಟಿ. ಮನೆಯಾಕೆ ಬಿಸಿನೀರು ತಂದಳು, ಜೀರಿಗೆ ನೀರು ತಂದಳು. ಕುಡಿಯುವ ಸ್ಥಿತಿಯಲ್ಲಿ ಅವರಿರಲಿಲ್ಲ. ಓಟಿನ ಪೆಟ್ಟಿಗೆ ಒಯ್ಯಲು ಬಂದಿದ್ದ ಜೀಪಿಗೆ ನಾನು ಅಡ್ಡ ನಿಂತೆ. ಅಧಿಕಾರಿ, "ಪೆಟ್ಟಿಗೆ ಇರೋ ಜೀಪಲ್ಲಿ ಹೊರಗಿನೋರನ್ನ ಕೂರಿಸೋ ಹಂಗಿಲ್ಲಮ್ಮ, ರೂಲ್ಸಿದೆ" ಎಂದ.

"ಅವರು ಹೊರಗಿನೋರಲ್ಲ ಸಾರ್, ನಿಮ್ಮ ಡ್ಯೂಟಿ ಮಾಡಿದೋರು. ಬೆಳಗಿನಿಂದ ಅಲುಗಾಡಿಲ್ಲ ಅಂತ ನೀವೇ ಹೇಳಿದ್ರಲ್ಲ, ಅದಕ್ಕೇ ಹಿಂಗಾಗಿರೋದು" ಎಂದೆ. ನನ್ನ ಗಂಟಲಿಗೆ ಅಂಥ ದನಿ ಇದೆ ಎಂದು ನನಗೇ ಗೊತ್ತಿರಲಿಲ್ಲ. ಹತ್ತಿಸಿಕೊಂಡರು.

ದೇವನಹಳ್ಳಿಯಲ್ಲಿ ಆಗ ಒಬ್ಬ ಡಾಕ್ಟರಮ್ಮ ಮನೆಯಲ್ಲೇ ದವಾಖಾನೆ ಇಟ್ಟುಕೊಂಡಿದ್ದರು. ಜೀಪು ಅವರ ಬಾಗಿಲಲ್ಲಿ ನಮ್ಮನ್ನು ಇಳಿಸಿಹೋಯಿತು. ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿದವರೇ ರಬ್ಬರ್ ನಳಿಗೆ ಕುದಿಸಲು ಹೇಳಿದರು. ಬೇಸಿನ್ ಹಿಡಿಯಲು ನಾನು. ನಳಿಗೆ ಒಳಗೆ ಹೋದಾಗ ಅವರು ನನ್ನ ಮುಂಗೈಯನ್ನು ಹಿಡಿದ ಹಿಡಿತಕ್ಕೆ ಬಳೆ ಒಡೆಯಿತು. ಆಮೇಲೆ ಬಂತು. ಬೇಸಿನ್ ತುಂಬಿತು, ಬೇರೆ ಪಾತ್ರೆ ತಂದರು, ಅದರಲ್ಲೂ ಅರ್ಧ. ಅಷ್ಟು ಹೊತ್ತೂ ನಾನು ಅವರ ಮುಖ ನೋಡುತ್ತಿದ್ದೆ. ಬಿಗಿದ ಹುಬ್ಬು ಬಿಟ್ಟಿತು, ದವಡೆ ಬಿಟ್ಟಿತು, ಕಣ್ಣು ತಾನಾಗಿ ಮುಚ್ಚಿಕೊಂಡಿತು. ಅಂಥ ಸುಖದ ಮುಖವನ್ನು ನಾನು ಇನ್ನೊಂದು ಕಂಡಿಲ್ಲ.

"ಏನು ಹಾಕ್ಕೋತೀರಿ ಬಾಯಿಗೆ?" ಎಂದರು ಡಾಕ್ಟರಮ್ಮ. ಹಲ್ಲು ನೋಡಿಯೇ ಅವರಿಗೆ ಗೊತ್ತಾಗಿತ್ತು.

"ಹೊಗೆಸೊಪ್ಪು."

"ಎಷ್ಟು ವರ್ಷದಿಂದ?"

"ಹುಡುಗಿಯಾಗಿದ್ದಾಗಿಂದ."

"ಸೊಪ್ಪಿನ ಖಾರ ನರಕ್ಕೆ ಹತ್ತುತ್ತಮ್ಮ. ತಲೆ ಚುರುಕಾಗುತ್ತೆ, ಮೈ ಎಚ್ಚರ ಆಗುತ್ತೆ, ಮೂತ್ರ ಆಗೋದು ಕಮ್ಮಿ ಆಗುತ್ತೆ. ಮೂತ್ರದ ಚೀಲದ ಬಾಯಿ ಬಿಗಿಯಾಗಿ ಕೂರುತ್ತೆ. ನಿಮಗೆ ತುಂಬಿದ್ದೇ ಗೊತ್ತಾಗಲ್ಲ. ಹಾಗಂತ ಸೊಪ್ಪೊಂದರದೇ ತಪ್ಪು ಅಂತ ನಾನು ಹೇಳಲ್ಲ. ನೀರು ಕುಡೀದೆ, ಬಂದದ್ದನ್ನ ಹಿಡ್ಕೊಂಡು ಹಿಡ್ಕೊಂಡು ಚೀಲ ಹಿಗ್ಗಿಹೋಗಿದೆ. ಹಳೇ ರಬ್ಬರಿನ ಥರ. ಒತ್ತೋ ಶಕ್ತಿ ಅದಕ್ಕಿಲ್ಲ. ಇನ್ನು ಮುಂದೆ ಬರಲಿ ಬಿಡಲಿ, ಗಂಟೆ ನೋಡ್ಕೊಂಡು ಹೋಗಿ ಕೂರ್ಬೇಕು. ಸೊಪ್ಪು ಬಿಡ್ಬೇಕು. ಇಲ್ದಿದ್ರೆ ಕಿಡ್ನಿಗೆ ಬರುತ್ತೆ."

ನಳಿಗೆ ಕೆಲವು ದಿನ ಹಾಗೇ ಇರಬೇಕೆಂದು ಅಲ್ಲೇ ಒಂದು ಮಂಚದ ಮೇಲೆ ಮಲಗಿಸಿದರು. ನಾನು ರಜೆ ಹಾಕಿ ಜೊತೆಗಿದ್ದೆ. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದಾಗ ಅವರು ಕೇಳಿದರು:

"ಯಾಕೆ ಸುಮ್ಮನಿದೀಯ? ನಾನು ಅವತ್ತೇ ಹೇಳಿದ್ದೆ ಅನ್ನು."

"ನಾನ್ಯಾಕೆ ಅನ್ಲಿ."

"ನಿನ್ನ ಕಂಡ್ರೆ ನನಗೆ ಹೊಟ್ಟೆ ಉರೀತಿತ್ತು ಕಣೇ. ಸೆರಗು ಬಿಗಿದು, ಅವರು ನಕ್ಕರೆ ನಗಲಿ ಅಂತ ಎದ್ದು ಹೋಗ್ತಿದ್ದೆಯಲ್ಲ. ದಿನಾ ಕಿಟಕೀಲಿ ನೋಡ್ತಿದ್ದೆ. ನನಗೆ ಒಂದಿನ ಆದ್ರೂ ಆ ಧೈರ್ಯ ಬರ್ಲಿಲ್ಲ. ಗಂಡ ಸತ್ತೋಳು, ಕಟ್ಟೆ ಮುಂದೆ ಪೊದೆಗೆ ಹೋದ್ಲು ಅಂದ್ರೆ ಏನಂತಾರೋ ಅಂತ ಹೆದರಿಕೆ. ಅದಕ್ಕೆ ಕೂತಿದ್ದು. ಶ್ರದ್ಧೆಯಂತೆ, ಶ್ರದ್ಧೆ."

ನನ್ನ ಮೇಲೆ ಯಾರಾದರೂ ಹೊಟ್ಟೆಕಿಚ್ಚು ಪಟ್ಟದ್ದು ಅದೇ ಮೊದಲು. ಅದೂ ನನ್ನ ಆ ನಡಿಗೆಯ ಮೇಲೆ. ಚಮಚವನ್ನು ಮತ್ತೆ ಅವರ ಬಾಯಿಯ ಹತ್ತಿರ ಹಿಡಿದೆ. ಇಷ್ಟಾದ ಮೇಲೆ ನನ್ನ ಕಿಚ್ಚು ತಣ್ಣಗಾಗಬೇಕಿತ್ತು ಎಂದು ನೀವು ಅನ್ನಬಹುದು. ಅದು ಹಾಗೆ ಆರುವ ಬೆಂಕಿಯಲ್ಲ.

ಊರಿಗೆ ಬಂದ ಮೇಲೆ ಸೊಪ್ಪು ಬಿಟ್ಟರು. ಬಿಟ್ಟ ಮೇಲೆ ಅವರು ಬೇರೆಯೇ ಹೆಂಗಸಾದರು. ಸಣ್ಣ ಸದ್ದಿಗೂ ಸಿಡುಕು. ಕ್ಲಾಸಿನಲ್ಲಿ ತೂಕಡಿಸುತ್ತಿದ್ದರು. ಒಂದು ದಿನ ಒಂದು ಹುಡುಗಿ ಕಳೆಯುವ ಲೆಕ್ಕದಲ್ಲಿ ದಶಕ ತೆಗೆದುಕೊಳ್ಳುವುದನ್ನು ಮರೆತಳೆಂದು ಕೆನ್ನೆಗೆ ಹೊಡೆದುಬಿಟ್ಟರು. ಅವರ ಕೈ ಮಗುವಿನ ಮೇಲೆ ಎದ್ದದ್ದನ್ನು ಆ ಶಾಲೆ ಕಂಡಿರಲಿಲ್ಲ. ಮಕ್ಕಳು ದೂರ ಸರಿದರು. ಸಾಯಂಕಾಲದ ಹಿಂಡು ನನ್ನ ಜೊತೆ ನಡೆಯತೊಡಗಿತು. ನನ್ನ ಕೊಡೆ ಹಿಡಿಯಲು ಇಬ್ಬರು, ಪುಸ್ತಕ ಹಿಡಿಯಲು ಇಬ್ಬರು. ಒಬ್ಬ ಹುಡುಗಿ ಕನಕಾಂಬರ ತಂದು ನನಗೆ ಮುಡಿಸಿದಳು. ಆ ಕೆಲವು ವಾರಗಳ ಸುಖವನ್ನು ನಾನು ಇವತ್ತಿಗೂ ಅಲ್ಲಗಳೆಯುವುದಿಲ್ಲ.

ಆಮೇಲೆ ಒಂದು ಸೋಮವಾರ ಅವರು ಪ್ರಾರ್ಥನೆ ಮುಗಿದ ಕೂಡಲೇ ಆ ಹುಡುಗಿಯನ್ನು ಮುಂದೆ ಕರೆದು, ಇಡೀ ಶಾಲೆಯ ಎದುರಿಗೆ, "ನಾನು ತಪ್ಪು ಮಾಡಿದೆ ಮಗಾ. ನಿನ್ನ ಲೆಕ್ಕ ತಪ್ಪಾಗಿತ್ತು, ನನ್ನ ಕೈ ಅದಕ್ಕಿಂತ ತಪ್ಪಾಗಿತ್ತು" ಎಂದರು. ಹುಡುಗಿ ಅತ್ತಳು. ಮೇಷ್ಟ್ರುಗಳು ನೆಲ ನೋಡಿದರು. ಸಾಯಂಕಾಲಕ್ಕೆ ಹಿಂಡು ಮತ್ತೆ ಅವರ ಹಿಂದೆ. ನಾನಾಗಿದ್ದರೆ ಹುಡುಗಿಗೆ ಗುಟ್ಟಾಗಿ ಒಂದು ಪೆಪ್ಪರಮೆಂಟು ಕೊಟ್ಟು ಮುಗಿಸುತ್ತಿದ್ದೆ.

ಆ ವರ್ಷದ ಬೇಸಿಗೆ ರಜೆ ಮುಗಿದು, ಮಕ್ಕಳನ್ನು ಸೇರಿಸಿಕೊಳ್ಳುವ ಮುಂಚೆ ಊರವರ ಸಭೆ. ಹೆಣ್ಣುಮಕ್ಕಳು ಐದನೇ ಕ್ಲಾಸಿಗೇ ಶಾಲೆ ಬಿಡುತ್ತಾರೆ, ತಂದೆತಾಯಿಗೆ ವಿದ್ಯೆಯ ಬೆಲೆ ಗೊತ್ತಿಲ್ಲ ಎಂದು ಹೆಡ್‌ಮಾಸ್ಟರು ಭಾಷಣ ಮಾಡಿದರು. ಅದು ಮುಗಿಯುತ್ತಲೂ ದೊಡ್ಡ ಟೀಚರು ಎದ್ದು ನಿಂತರು.

"ನಾನು ಆಸ್ಪತ್ರೆ ಸೇರಿದ್ದು ಹೊಟ್ಟೆನೋವಿಗೆ ಅಂತ ನಿಮಗೆ ಹೇಳಿದಾರೆ. ಹೊಟ್ಟೆನೋವಲ್ಲ. ಮೂತ್ರ ಕಟ್ಕೊಂಡಿತ್ತು. ಇಷ್ಟು ವರ್ಷ ಹೊಗೆಸೊಪ್ಪು ಅಗಿದು ತಡ್ಕೊಂಡು ಇದೇ ಕುರ್ಚೀಲಿ ಕೂತಿದ್ದೆ. ಯಾಕಂದ್ರೆ ಈ ಸ್ಕೂಲಲ್ಲಿ ಹೆಂಗಸ್ರು ಹೋಗಕ್ಕೆ ಜಾಗ ಇಲ್ಲ. ನಿಮ್ಮ ಹೆಣ್ಣುಮಕ್ಕಳು ದೊಡ್ಡೋರಾಗ್ತಾ ಸ್ಕೂಲು ಬಿಡೋದೂ ಅದಕ್ಕೇನೇ. ವಿದ್ಯೆ ಬೇಡ ಅಂತಲ್ಲ."

ಹೆಡ್‌ಮಾಸ್ಟರು ಕೆಮ್ಮಿದರು. ಕೊನೆಗೆ ಗಸ್ತಿನ ಮಾತಾಡುತ್ತಿದ್ದ ಮುದುಕನೇ, "ಬುಡು ತಾಯಿ, ಹೆಂಗಸ್ರ ವಿಷ್ಯಾನ ಸಭೇಲಿ..." ಎಂದ.

"ಹೆಂಗಸ್ರ ವಿಷ್ಯ ಅಲ್ಲ ಯಜಮಾನ್ರೇ, ಗೋಡೆ ವಿಷ್ಯ. ನಾಕು ಗೋಡೆ ಕೇಳ್ತಿದೀನಿ."

ಮುಂದಿನ ವಾರವೇ ಗಾಡಿಯಲ್ಲಿ ಚಪ್ಪಡಿ ಕಲ್ಲು ಬಂದು ಬಿತ್ತು. ಗೌಡರು ಸುಣ್ಣ ಕೊಟ್ಟರು. ಬಾಗಿಲನ್ನು ಮೊದಲು ಅರಳಿಕಟ್ಟೆಯ ಕಡೆಗೇ ಇಟ್ಟಿದ್ದರು. ಅವರು ನಿಂತು ಕೀಳಿಸಿ ಆಚೆ ಕಡೆಗೆ ತಿರುಗಿಸಿದರು.

ನಾನು ಬಂದ ಹೊಸದರಲ್ಲೇ ಇದನ್ನು ಕೇಳಿದ್ದೆ. "ಸಾರ್, ಒಂದು ಮರೆ ಥರ ಕಟ್ಟಿಸಿದ್ರೆ..." ಎಂದು ಹೆಡ್‌ಮಾಸ್ಟರ ಮೇಜಿನ ಮುಂದೆ ನಿಂತು, ದನಿ ಎತ್ತದೆ. "ಯಾತಕ್ಕಮ್ಮ ಮರೆ? ಓ... ನೋಡೋಣ" ಎಂದಿದ್ದರು. ನೋಡಲಿಲ್ಲ. ಈಗ ಆ ಗೋಡೆಗೆ ಊರವರು ಇಟ್ಟ ಹೆಸರು ದೊಡ್ಡ ಟೀಚರ ಕೋಣೆ. ದಿನಕ್ಕೆ ಅತಿ ಹೆಚ್ಚು ಸಲ ಅದರೊಳಗೆ ಹೋಗುತ್ತಿದ್ದವಳು ಮಾತ್ರ ನಾನು. ಅವರು ಡಾಕ್ಟರಮ್ಮ ಹೇಳಿದ ಹಾಗೆ ಗಂಟೆ ನೋಡಿಕೊಂಡು ಹೋಗಿ, ಬರಲಿ ಬಿಡಲಿ, ತಾಳ್ಮೆಯಿಂದ ಕೂತು ಬರುತ್ತಿದ್ದರು. ಸೊಪ್ಪನ್ನು ಪೂರ್ತಿ ಬಿಟ್ಟರೆಂದು ಹೇಳಲಾರೆ. ಹಬ್ಬದ ದಿನ ಊಟವಾದ ಮೇಲೆ ನನ್ನ ಕಣ್ಣು ತಪ್ಪಿಸಿ ಒಂದು ಚೂರು. ನನಗೆ ವಾಸನೆ ಗೊತ್ತಾಗುತ್ತಿತ್ತು. ನಾನು ಕೇಳುತ್ತಿರಲಿಲ್ಲ, ಅವರು ಹೇಳುತ್ತಿರಲಿಲ್ಲ.

ಎಪ್ಪತ್ತರ ದಶಕದ ಮಧ್ಯದಲ್ಲಿ ನನಗೆ ತಡವಾಗಿ ಮದುವೆಯಾಯಿತು. ಹೊಸಕೋಟೆ ಕಡೆಗೆ ವರ್ಗ ಮಾಡಿಸಿಕೊಂಡು ಹೋದೆ. ಹೋಗುವ ದಿನ ಅವರು ಬಸ್ಸಿನ ತನಕ ಬಂದರು. ಅಲ್ಲಿಯ ಶಾಲೆಯಲ್ಲಿ ದೊಡ್ಡ ಟೀಚರು ಎಂದು ಯಾರೂ ಇರಲಿಲ್ಲ. ನೆಮ್ಮದಿಯಾಗಿರಬೇಕಿತ್ತು. ಮೊದಲ ತಿಂಗಳೆಲ್ಲ ಯಾವ ಕ್ಲಾಸಿನಲ್ಲಿ ನಿಂತರೂ ಪಕ್ಕದ ಕೋಣೆಯ ಕಡೆ ಕಿವಿ ಹೋಗುತ್ತಿತ್ತು.

ಸುದ್ದಿ ತಿಳಿದ ಆ ಬೆಳಿಗ್ಗೆ ಬಸ್ ಸ್ಟ್ಯಾಂಡಿನಿಂದಲೇ ನಾನು ಅವರ ಮಣ್ಣಿಗೆ ಹೊರಟೆ. ರಿಟೈರಾದ ಮೇಲೆ ಅವರು ಅಲ್ಲೇ ಹತ್ತಿರದ ವಿಜಯಪುರದಲ್ಲಿ ಅಣ್ಣನ ಮಗನ ಮನೆಯಲ್ಲಿದ್ದರು. ಬೀದಿ ತುಂಬ ಜನ. ಟ್ರ್ಯಾಕ್ಟರಿನಲ್ಲಿ ಬಂದವರು, ಕಾರಿನಲ್ಲಿ ಬಂದವರು. ಅಂಗಳದಲ್ಲಿ ಬೆಂಚಿನ ಮೇಲೆ ಮಲಗಿಸಿದ್ದರು. ತಲೆಯ ಹತ್ತಿರ ಮನೆಯವರು. ಕಾಲ ಬಳಿ ಒಬ್ಬ ಹೆಂಗಸು, ಅರವತ್ತರ ಹತ್ತಿರದವಳು, ಬೆಲೆಬಾಳುವ ಸೀರೆ, ಪಾದ ತಬ್ಬಿಕೊಂಡು ಗಟ್ಟಿಯಾಗಿ ಅಳುತ್ತಿದ್ದಳು. "ನನ್ನ ಹೆತ್ತಮ್ಮಗಿಂತ ಹೆಚ್ಚು, ನನ್ನಷ್ಟು ಯಾರನ್ನೂ ಪ್ರೀತಿಸ್ಲಿಲ್ಲ ಅವರು" ಎನ್ನುತ್ತಿದ್ದಳು. ಸುತ್ತ ನಿಂತವರು ಅವಳ ಬೆನ್ನು ಸವರುತ್ತಿದ್ದರು. ಅವಳ ಪಕ್ಕದಲ್ಲಿ ಇನ್ನೊಬ್ಬ ಶಿಷ್ಯ, ಅವನೂ ಅದೇ ಮಾತು. ಅವನ ಹಿಂದೆ ಮತ್ತೊಬ್ಬಳು.

ನಾನು ಸ್ವಲ್ಪ ಹೊತ್ತು ನಿಂತು ನೋಡಿದೆ. ಅಷ್ಟು ವರ್ಷ ಒಂದೇ ಒಲೆಯ ಮುಂದೆ ಕೂತು ನನಗೆ ಹುಳಿ ಜಾಸ್ತಿಯಾದ ಸಾರು ಬಡಿಸಿದವರು, ನನ್ನ ಬಳೆ ಒಡೆದವರು, ಇವಳಿಗೆ ಹೇಗೆ ಹೆತ್ತಮ್ಮನಾದರು? ಇವಳಿಗೆ ಅವರ ಗೊರಕೆಯಾದರೂ ಗೊತ್ತೇ? ಜನರ ನಡುವೆ ನುಗ್ಗಿ ಅವಳ ಹೆಗಲು ಮುಟ್ಟಿದೆ.

"ಸ್ವಲ್ಪ ಸರ್ಕೊಳಮ್ಮ."

ಕೆಂಪಾದ ಕಣ್ಣಿನಿಂದ ನನ್ನನ್ನು ನೋಡಿದಳು. "ನೀವು ಅವರಿಗೆ ಏನಾಗ್ಬೇಕು?"

"ಏನೂ ಆಗ್ಬೇಕಾಗಿಲ್ಲ" ಎಂದೆ. "ಒಂದೇ ಮನೇಲಿದ್ವಿ."

ಅವಳು ಒಂದು ಗೇಣು ಸರಿದಳು. ಮೊಣಕಾಲೂರಿ ಕೂತು, ಅವರ ಪಾದದ ಮೇಲೆ ಕೈಯಿಟ್ಟೆ. ತಣ್ಣಗಿತ್ತು. ಪಕ್ಕದಲ್ಲಿ ಅವಳು ಇನ್ನೂ ಎಡಪಾದವನ್ನು ಹಿಡಿದೇ ಇದ್ದಳು.

"ಇನ್ನೂ ಸ್ವಲ್ಪ" ಎಂದೆ.